ನಡುಗುವ ಕೈಗೆ ಒಂದು ದಡ

ಗಣಕಯಂತ್ರದ ಪರದೆಯ ಮೇಲೆ ಓಡಾಡುವ ಪುಟ್ಟ ಬಾಣದ ಗುರುತನ್ನು ನಮ್ಮಲ್ಲಿ ಬಹುಮಂದಿ ಗಮನಿಸುವುದೇ ಇಲ್ಲ. ಕೈ ಸರಿದಂತೆ ಅದೂ ಸರಿಯುತ್ತದೆ, ನಿಲ್ಲಬೇಕೆಂದಲ್ಲಿ ನಿಲ್ಲುತ್ತದೆ, ಬೆರಳು ಒತ್ತಿದೊಡನೆ ಬೇಕಾದ ಬಾಗಿಲು ತೆರೆಯುತ್ತದೆ. ಮನಸ್ಸಿಗೂ ಬಾಣಕ್ಕೂ ನಡುವೆ ಒಂದು ಕೈ ಇದೆಯೆಂಬುದೇ ಮರೆತುಹೋಗುವಷ್ಟು ಸಲೀಸಾದ ಕೆಲಸವದು. ಆದರೆ ಆ ಕೈಯೇ ಮಾತು ಕೇಳದಿದ್ದರೆ?

ನಿವೃತ್ತರಾದ ಉಪಾಧ್ಯಾಯರೊಬ್ಬರನ್ನು ಊಹಿಸಿಕೊಳ್ಳಿ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಮುತ್ತಿನಂತಹ ಅಕ್ಷರಗಳನ್ನು ಬರೆದ ಕೈ. ಈಗ ಅದಕ್ಕೆ ನಡುಕದ ವ್ಯಾಧಿ ಹತ್ತಿದೆ. ಬ್ಯಾಂಕಿನ ಲೆಕ್ಕ ನೋಡುವುದೂ, ರೈಲಿನ ಟಿಕೆಟು ಕೊಳ್ಳುವುದೂ, ದೂರದೇಶದಲ್ಲಿರುವ ಮಗಳಿಗೆ ನಾಲ್ಕು ಸಾಲು ಬರೆಯುವುದೂ ಇಂದು ಆ ಪರದೆಯ ಮೂಲಕವೇ ಆಗಬೇಕು. ಬಾಣವನ್ನು ಪರದೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಒಯ್ಯುವುದು ಅವರಿಗೆ ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಕೊನೆಯ ಅರ್ಧ ಅಂಗುಲದಲ್ಲಿ. ಬಾಣವು ಗುಂಡಿಯ ಮೇಲೆ ಬರುತ್ತದೆ, ದಾಟುತ್ತದೆ, ಹಿಂದಿರುಗುತ್ತದೆ, ಮತ್ತೆ ದಾಟುತ್ತದೆ. ಒಂದು ಕ್ಷಣ ನಿಂತಿತೆಂದು ಬೆರಳನ್ನು ಅದುಮುವಷ್ಟರಲ್ಲಿ ಆ ಅದುಮುವ ಯತ್ನವೇ ಕೈಯನ್ನು ಕದಲಿಸಿ, 'ಒಪ್ಪಿದೆ' ಎಂಬುದರ ಬದಲು ಪಕ್ಕದ 'ರದ್ದುಮಾಡು' ಎಂಬುದು ಒತ್ತಿಹೋಗುತ್ತದೆ. ಕೊನೆಗೆ ನೆರೆಮನೆಯ ಹುಡುಗನನ್ನು ಕರೆದು, ಗುಟ್ಟಾಗಿರಬೇಕಾದ ಸಂಕೇತಪದವನ್ನೂ ಅವನಿಗೆ ಹೇಳಬೇಕು. ಬುದ್ಧಿ ನೆಟ್ಟಗಿದೆ, ಕಣ್ಣು ನೆಟ್ಟಗಿದೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯವೊಂದು ಅರ್ಧ ಅಂಗುಲದ ಆಚೆ ನಿಂತುಬಿಟ್ಟಿದೆ.

ಇದು ಮುಪ್ಪಿನವರ ಪಾಡು ಮಾತ್ರವಲ್ಲ. ಎಳೆಯ ಮೆದುಳಿಗೆ ತಗಲಿದ ಪೆಟ್ಟಿನಿಂದ ಬರುವ ಸೆರೆಬ್ರಲ್ ಪಾಲ್ಸಿ, ಪಾರ್ಶ್ವವಾಯು, ಸ್ನಾಯುಕ್ಷಯ, ಬೆನ್ನುಹುರಿಯ ಗಾಯ, ಇವೆಲ್ಲವೂ ಕೈಯನ್ನು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿಹಾಕುತ್ತವೆ. ಒಬ್ಬನ ಕೈಗೆ ಬಲವಿಲ್ಲ. ಇನ್ನೊಬ್ಬನ ಕೈಗೆ ಬಲವಿದೆ, ಹಿಡಿತವಿಲ್ಲ. ಮತ್ತೊಬ್ಬನ ಸ್ನಾಯುಗಳು ಬಿಗಿದುಕೊಂಡು, ಕೈಯನ್ನು ಎಲ್ಲಿಗೋ ಎಳೆದುಬಿಡುತ್ತವೆ. ನಡುಕದಲ್ಲಿಯೇ ಬಗೆಗಳುಂಟು. ಪಾರ್ಕಿನ್‌ಸನ್ ವ್ಯಾಧಿಯ ನಡುಕವು ಹೆಚ್ಚಾಗಿ ಕೈ ಸುಮ್ಮನಿದ್ದಾಗ ಕಾಣಿಸಿಕೊಳ್ಳುವುದು, ಸೆಕೆಂಡಿಗೆ 4ರಿಂದ 6 ಬಾರಿ. ವೈದ್ಯರು 'ಎಸೆನ್ಷಿಯಲ್ ಟ್ರೆಮರ್' ಎಂದು ಕರೆಯುವ ನಡುಕವಾದರೋ ಕೈ ಕೆಲಸಕ್ಕೆ ತೊಡಗಿದಾಗಲೇ ಎದ್ದುಬರುತ್ತದೆ. ನಮ್ಮ ಉಪಾಧ್ಯಾಯರಿಗೆ ಹತ್ತಿರುವುದು ಈ ಎರಡನೆಯದೆಂದು ತಿಳಿಯಬಹುದು.

ಗುರಿಮುಟ್ಟುವ ಕೈಯ ಲೆಕ್ಕವನ್ನು ಮೊದಲು ಕಟ್ಟಿಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್. 1954ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿದ್ದಾಗ ಅವರು ಪ್ರಕಟಿಸಿದ ಪ್ರಯೋಗ ಬಹು ಸರಳವಾದುದು. ಎರಡು ಲೋಹದ ಪಟ್ಟಿಗಳು. ಒಂದು ಕಡ್ಡಿಯಿಂದ ಅವುಗಳನ್ನು ಒಂದಾದಮೇಲೊಂದರಂತೆ ಬೇಗಬೇಗ ಮುಟ್ಟುತ್ತಿರಬೇಕು. ಪಟ್ಟಿಗಳ ನಡುವಣ ದೂರವನ್ನೂ ಅವುಗಳ ಅಗಲವನ್ನೂ ಬದಲಿಸುತ್ತ ಹೋದಾಗ ಒಂದು ನಿಯಮ ಹೊರಬಿದ್ದಿತು: ದೂರವನ್ನು ಇಮ್ಮಡಿಸುವುದೂ ಗುರಿಯ ಅಗಲವನ್ನು ಅರ್ಧಕ್ಕೆ ಇಳಿಸುವುದೂ ಕೈಗೆ ಒಂದೇ ಸಮನಾದ ಹೊರೆ. ಎಂದರೆ, ಗುರಿ ದೂರದಲ್ಲಿದ್ದರೂ ಅಗಲವಾಗಿದ್ದರೆ ಚಿಂತೆಯಿಲ್ಲ. ಹತ್ತಿರದಲ್ಲಿದ್ದರೂ ಎಳ್ಳಿನಷ್ಟಿದ್ದರೆ ತೊಂದರೆ ತಪ್ಪದು. ಸೂಜಿಗೆ ದಾರ ಪೋಣಿಸಿದ ಅಜ್ಜಿಯರೆಲ್ಲರಿಗೂ ಇದು ಗೊತ್ತಿತ್ತೆಂದು ಓದುಗರು ನಗಬಹುದು. ಗೊತ್ತಿದ್ದುದನ್ನು ಅಳತೆಗೆ ತಂದುದೇ ಫಿಟ್ಸರ ಹೆಗ್ಗಳಿಕೆ. ಮುಂದೆ ಹತ್ತು ವರ್ಷಕ್ಕೆ, 1964ರಲ್ಲಿ, ಕ್ಯಾಲಿಫೋರ್ನಿಯದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಅವರ ಜೊತೆಗಾರರು ಅಡಿಯಲ್ಲಿ ಎರಡು ಗಾಲಿಗಳುಳ್ಳ ಒಂದು ಮರದ ಡಬ್ಬಿಯನ್ನು ಮಾಡಿ ಅದಕ್ಕೆ 'ಇಲಿ' ಎಂದು ಹೆಸರಿಟ್ಟರು. 1968ರ ಡಿಸೆಂಬರಿನಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಅದನ್ನು ಓಡಿಸಿ ತೋರಿಸಿದರು. ಆ ಮೌಸಿನ ವೇಗವನ್ನು ಅಳೆಯಹೊರಟ ಸೆರಾಕ್ಸ್ ಸಂಸ್ಥೆಯ ಸಂಶೋಧಕರಿಗೆ 1978ರಲ್ಲಿ ಕಂಡುಬಂದುದೂ ಅದೇ ಫಿಟ್ಸರ ನಿಯಮವೇ.

ಈ ನಿಯಮವು ಹೇಳದೆ ಬಿಟ್ಟುದೊಂದುಂಟು. ಕೈ ಗುರಿಯತ್ತ ಹೋಗುವುದು ಒಂದೇ ಓಟದಲ್ಲಲ್ಲ; ಮೊದಲು ಒಂದು ದೊಡ್ಡ ಚಾಚು, ಆಮೇಲೆ ತಿದ್ದಿಕೊಳ್ಳುವ ಒಂದೆರಡು ಸಣ್ಣ ಚಲನೆಗಳು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಫಾಸ್ಟಿನಾ ಹ್ವಾಂಗ್, ಸಿಮಿಯನ್ ಕೀಟ್ಸ್, ಪ್ಯಾಟ್ರಿಕ್ ಲ್ಯಾಂಗ್ಡನ್ ಮತ್ತು ಜಾನ್ ಕ್ಲಾರ್ಕ್‌ಸನ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಭ್ಯಾಸವೊಂದರಲ್ಲಿ, ಕೈಯ ಚಲನೆ ಕುಂದಿದವರು ಬಾಣವನ್ನು ಒಯ್ಯುವ ಬಗೆಯನ್ನು ತುಣುಕು ತುಣುಕಾಗಿ ಬಿಡಿಸಿ ನೋಡಿದರು. ಅವರಲ್ಲಿ ಕೆಲವರು ಇತರರಿಗಿಂತ ಹೆಚ್ಚು ಬಾರಿ, ಹೆಚ್ಚು ಹೊತ್ತು, ನಡುನಡುವೆ ನಿಲ್ಲುತ್ತಿದ್ದರು. ಇತರರು ಮಾಡುವ ಕೆಲಸಕ್ಕೆ ಅವರಿಗೆ ಐದು ಪಟ್ಟಿನವರೆಗೆ ಚಲನೆಗಳು ಬೇಕಾಗುತ್ತಿದ್ದವು. ಒಂದು ಗುಂಡಿಗೆ ಐದು ಪಟ್ಟು ಶ್ರಮವೆಂದರೆ ದಿನಕ್ಕೆ ನೂರಾರು ಗುಂಡಿಗಳನ್ನು ಒತ್ತಬೇಕಾದ ಗುಮಾಸ್ತೆಯ ಕೆಲಸದಲ್ಲಿ ಅದು ಎಷ್ಟಾಗುವುದೆಂದು ಲೆಕ್ಕ ಹಾಕಿ ನೋಡಬಹುದು. ಅಂಥವನನ್ನು ನಿಧಾನಗಾರನೆಂದು ಮೇಲಧಿಕಾರಿ ಬರೆದಿಟ್ಟರೆ ಆ ಬರಹದಲ್ಲಿ ಸುಳ್ಳಿಲ್ಲ, ನ್ಯಾಯವೂ ಇಲ್ಲ.

ಇಷ್ಟಕ್ಕೂ ಪರದೆಯ ಮೇಲಿನ ಗುರಿ ಇಷ್ಟೊಂದು ಜಾರುವುದೇಕೆ? ಅದಕ್ಕೆ ದಡವಿಲ್ಲದಿರುವುದರಿಂದ. ನಮ್ಮ ಸುತ್ತಣ ವಸ್ತುಗಳಿಗೆಲ್ಲ ಅಂಚುಂಟು. ಕತ್ತಲೆಯಲ್ಲಿ ಬೀಗಕ್ಕೆ ಕೀಲಿಯನ್ನು ಹಾಕುವಾಗ ಮೊದಲು ಬೀಗದ ಮೈಯನ್ನು ತಡವಿ, ತೂತಿನ ಅಂಚು ಸಿಕ್ಕಿದೊಡನೆ ಕೀಲಿ ತಾನಾಗಿ ಒಳಕ್ಕೆ ಇಳಿಯುತ್ತದೆ. ಕೈ ತಪ್ಪಿದರೂ ವಸ್ತು ತಿದ್ದುತ್ತದೆ. ಪರದೆಯ ಗುಂಡಿಯಾದರೋ ಕಣ್ಣಿಗೆ ಉಬ್ಬಿದಂತೆ ತೋರುವ ಬರಿಯ ಚಿತ್ರ. ಬಾಣ ಅದರ ಮೇಲೆ ಹಾದುಹೋದುದು ಕೈಗೆ ತಿಳಿಯುವುದೇ ಇಲ್ಲ. ಹೊರೆಯೆಲ್ಲವೂ ಕಣ್ಣಿನ ಮೇಲೆ ಬೀಳುತ್ತದೆ; ಕಣ್ಣು ಕಂಡುದನ್ನು ಮೆದುಳು ಕೈಗೆ ತಿಳಿಸುವಷ್ಟರಲ್ಲಿ ಕೈ ಇನ್ನೆಲ್ಲಿಗೋ ಹೋಗಿರುತ್ತದೆ.

ಚಿತ್ರಕ್ಕೆ ಅಂಚನ್ನು ಕೊಡುವ ವಿದ್ಯೆಯೊಂದು ಬೆಳೆದುಬಂದಿದೆ. ಅದಕ್ಕೆ 'ಹ್ಯಾಪ್ಟಿಕ್' ಎಂದು ಹೆಸರು. ಮುಟ್ಟುವಿಕೆಗೆ ಸಂಬಂಧಿಸಿದುದು ಎಂಬರ್ಥದ ಗ್ರೀಕ್ ಮಾತಿನಿಂದ ಬಂದುದು. ಇದರ ಹುಟ್ಟು ನಡೆದುದು ಆಸ್ಪತ್ರೆಯಲ್ಲಲ್ಲ, ಅಣುಶಕ್ತಿಯ ಪ್ರಯೋಗಶಾಲೆಯಲ್ಲಿ. ಷಿಕಾಗೋ ನಗರದ ಬಳಿಯ ಆರ್ಗಾನ್ ಪ್ರಯೋಗಶಾಲೆಯಲ್ಲಿ ರೇಮಂಡ್ ಗೋಯೆರ್ಟ್ಸ್ ಎಂಬ ಎಂಜಿನಿಯರು, ಮನುಷ್ಯ ಮುಟ್ಟಬಾರದ ವಿಕಿರಣ ವಸ್ತುಗಳನ್ನು ದಪ್ಪಗೋಡೆಯ ಆಚೆಯಿಂದ ಎತ್ತಿಡಲು ಯಂತ್ರದ ತೋಳುಗಳನ್ನು ಮಾಡಿದರು. ಈಚೆಯ ಕೈ ಆಡಿದಂತೆ ಆಚೆಯ ತೋಳು ಆಡುವುದಷ್ಟೇ ಅಲ್ಲ. ಆಚೆಯ ತೋಳಿಗೆ ಏನಾದರೂ ತಗಲಿದರೆ ಆ ತಡೆ ಈಚೆಯ ಕೈಗೂ ಮುಟ್ಟುತ್ತಿತ್ತು. 1954ರ ಹೊತ್ತಿಗೆ ಈ ಒತ್ತಡವನ್ನು ವಿದ್ಯುತ್ತಿನ ಮೂಲಕವೇ ಹಿಂದಕ್ಕೆ ಒಯ್ಯುವ ತೋಳು ಸಿದ್ಧವಾಯಿತು. ಅಂತಹ ತೋಳೊಂದನ್ನು ಮುಂದೆ ಉತ್ತರ ಕೆರೊಲೈನ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬ್ರೂಕ್ಸ್ ಗಣಕಯಂತ್ರಕ್ಕೆ ಜೋಡಿಸಿದರು. ಗೋಡೆಯ ಆಚೆ ಈಗ ವಸ್ತುವೇ ಇಲ್ಲ. ಗಣಕವು ಲೆಕ್ಕ ಹಾಕಿ ಕಲ್ಪಿಸಿದ ಅಣುಗಳಿವೆ, ಅವುಗಳ ಸೆಳೆತ ತಳ್ಳಾಟಗಳು ಕೈಗೆ ಹತ್ತುತ್ತವೆ. ಇಲ್ಲದ ವಸ್ತುವಿನ ತಡೆಯನ್ನು ಇರುವ ಕೈಗೆ ಮುಟ್ಟಿಸಬಹುದೆಂಬುದು ಹೀಗೆ ಖಚಿತವಾಯಿತು. ಇದಕ್ಕೆ ಬೇಕಾದ ವೇಗ ಮಾತ್ರ ಅಪಾರ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳಿದ್ದರೆ ಕಣ್ಣು ನಂಬುತ್ತದೆ. ಕೈ ನಂಬಬೇಕಾದರೆ ಬಲವನ್ನು ಸೆಕೆಂಡಿಗೆ ಸುಮಾರು 1000 ಬಾರಿ ಲೆಕ್ಕ ಹಾಕಿ ತಿದ್ದುತ್ತಿರಬೇಕು. ಮೋಸಹೋಗುವುದರಲ್ಲಿ ಕಣ್ಣಿಗಿಂತ ಕೈ ಬಹಳ ಜಿಪುಣ.

ಈ ಬಲವನ್ನು ತಡೆಯಾಗಿ ಅಲ್ಲದೆ ಆಸರೆಯಾಗಿ ಬಳಸಬಹುದೆಂದು ತೋರಿಸಿದವರು ಲೂಯಿಸ್ ರೋಸೆನ್‌ಬರ್ಗ್. 1992ರಲ್ಲಿ ಓಹಾಯೋದ ಡೇಟನ್ ಬಳಿಯ ವಿಮಾನದಳದ ಪ್ರಯೋಗಶಾಲೆಯಲ್ಲಿ, ದೂರದ ಯಂತ್ರದ ಕೈಯಿಂದ ಗೂಟವನ್ನು ತೂತಿಗೆ ಸೇರಿಸುವ ಕೆಲಸವನ್ನು ಜನರಿಗೆ ಕೊಟ್ಟು, ಕೈಯ ದಾರಿಗೆ ಕಾಣದ ಕಟ್ಟೆಗಳನ್ನು ಕಟ್ಟಿದರು. ಬರಿಗೈಯಲ್ಲಿ ನೇರವಾದ ಗೆರೆಯನ್ನು ಎಳೆಯುವುದು ಕಷ್ಟ, ಅಡಿಪಟ್ಟಿಯಿಟ್ಟರೆ ಸುಲಭ; ತಮ್ಮ ಕಟ್ಟೆಗಳೂ ಹಾಗೆಯೇ ಎಂದು ಅವರು ವಿವರಿಸಿದರು. (ಇಮ್ಮಡಿ ಕಾಕತಾಳೀಯವೆನ್ನಬೇಕು: ಫಿಟ್ಸರು ಯುದ್ಧ ಮುಗಿದಮೇಲೆ ಕೆಲಸ ಮಾಡಿದುದೂ ಅದೇ ಡೇಟನ್ನಿನ ವಿಮಾನದಳದ ನೆಲೆಯಲ್ಲಿಯೇ. ಗುರಿ ತಪ್ಪುವ ಕೈಯ ಲೆಕ್ಕವೂ ಅದಕ್ಕೊಂದು ಮದ್ದೂ ಒಂದೇ ಊರನ್ನು ಹಾದುಬಂದಿವೆ.) ಅಡಿಪಟ್ಟಿಯ ಹೋಲಿಕೆ ಚೆನ್ನಾಗಿದೆ. ನಮಗಾದರೆ ಅದಕ್ಕಿಂತ ಹತ್ತಿರದ ಹೋಲಿಕೆಯೊಂದಿದೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಮಗುವಿನ ಬೆರಳನ್ನು ಹಿಡಿದು 'ಶ್ರೀ' ಬರೆಯಿಸುವ ಹಿರಿಯರ ಕೈ. ಆ ಕೈ ಬರೆಯುವುದಿಲ್ಲ, ಬರೆಯಿಸುತ್ತದೆ. ಈ ಎರಡರ ನಡುವಣ ಅಂತರವೇ ಇಡೀ ವಿಷಯದ ತಿರುಳು; ಅದಕ್ಕೆ ಮತ್ತೆ ಬರೋಣ.

ಗಣಕದ ಪರದೆಗೆ ಈ ಆಸರೆ ಬಂದುದು ಹೀಗೆ. ಮೌಸನ್ನು ಒಂದು ಹಲಗೆಗೆ ಸೇರಿಸಿ, ಒಳಗೆ ಪುಟ್ಟ ಮೋಟಾರುಗಳನ್ನಿಟ್ಟರು. ಬಾಣವು ಗುಂಡಿಯ ಸಮೀಪಕ್ಕೆ ಬಂದಾಗ ಗಣಕವು ಮೋಟಾರಿಗೆ ಆಜ್ಞೆ ಕೊಡುತ್ತದೆ. ಮೋಟಾರು ಮೌಸನ್ನು, ಅದರೊಡನೆ ಕೈಯನ್ನು, ಗುಂಡಿಯ ನಡುವಿಗೆ ಮೆಲ್ಲಗೆ ಸೆಳೆಯುತ್ತದೆ. ಅಳಗುಳಿಮಣೆಯನ್ನು ನೆನೆದುಕೊಳ್ಳಿ. ಹುಣಿಸೆಬೀಜವನ್ನು ಮಣೆಯ ಮೇಲೆ ಹೇಗೆ ಉರುಳಿಸಿದರೂ ಕುಳಿಯ ಅಂಚಿಗೆ ಬಂದೊಡನೆ ಒಳಕ್ಕೆ ಜಾರಿ ನಿಲ್ಲುತ್ತದೆ. ಪರದೆಯ ಒಂದೊಂದು ಗುಂಡಿಯೂ ಅಂತಹ ಒಂದು ಕುಳಿಯಾಗುತ್ತದೆ. ಕನ್ನಡದಲ್ಲಿ ಇದನ್ನು 'ಸೆಳೆಗುಳಿ' ಎಂದು ಕರೆಯೋಣ. ನಡುಗುವ ಕೈ ಒಮ್ಮೆ ಸೆಳೆಗುಳಿಯೊಳಕ್ಕೆ ಇಳಿಯಿತೆಂದರೆ, ನಡುಕ ಅದನ್ನು ಹೊರಕ್ಕೆ ಎಸೆಯಲು ನೋಡುವಾಗ ಕುಳಿಯ ಗೋಡೆ ಹಿಡಿದುಕೊಳ್ಳುತ್ತದೆ. ಗುಂಡಿ ಒತ್ತುವಷ್ಟು ಹೊತ್ತು ಕೈಗೊಂದು ದಡ ಸಿಕ್ಕಿತು.

1999ರಲ್ಲಿ ಲಾಜಿಟೆಕ್ ಸಂಸ್ಥೆಯು 'ವಿಂಗ್‌ಮನ್' ಎಂಬ ಹೆಸರಿನಲ್ಲಿ ಇಂತಹ ಮೌಸೊಂದನ್ನು ಅಂಗಡಿಗೆ ತಂದಿತು. ಅದರ ಒಳಗಣ ಯುಕ್ತಿ, ರೋಸೆನ್‌ಬರ್ಗ್ 1993ರಲ್ಲಿ ಸ್ಥಾಪಿಸಿದ ಇಮರ್ಷನ್ ಎಂಬ ಸಂಸ್ಥೆಯದು. ಅದಕ್ಕೆ ಮೊದಲೇ ಎಂ.ಐ.ಟಿ.ಯ ಥಾಮಸ್ ಮ್ಯಾಸೀ ಮತ್ತು ಕೆನೆತ್ ಸಾಲಿಸ್ಬರಿ 'ಫ್ಯಾಂಟಮ್' ಎಂಬ ಇನ್ನೂ ಸೊಗಸಾದ ಸ್ಪರ್ಶಯಂತ್ರವನ್ನು ಮಾಡಿದ್ದರು. ಮ್ಯಾಸೀ ಮುಂದೆ ರಾಜಕಾರಣಕ್ಕೆ ಹೋಗಿ 2012ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿಬಂದರೆಂಬುದು ಬೇರೆಯ ಕಥೆ. ಅವರ ಯಂತ್ರದ ಬೆಲೆ ಸಾವಿರಾರು ಡಾಲರು. ವಿಂಗ್‌ಮನ್ನಿನದು ಸುಮಾರು ನೂರು. ಆದರೆ ಅದನ್ನು ಮಾಡಿದುದು ಆಟಗಳಿಗಾಗಿ. ಬಂದೂಕು ಹಾರಿಸಿದಾಗ ಕೈಗೆ ಒದೆ ಬೀಳಬೇಕು, ಕಾರು ಕಲ್ಲುದಾರಿಯಲ್ಲಿ ಕುಲುಕಬೇಕು, ಹುಡುಗರಿಗೆ ಖುಷಿಯಾಗಬೇಕು, ಅಷ್ಟೇ ಉದ್ದೇಶ.

ಆ ಆಟದ ಸಾಮಾನನ್ನು ಕೇಂಬ್ರಿಜ್ಜಿನ ಸಂಶೋಧಕರು ಪ್ಯಾಪ್‌ವರ್ತ್ ಎಂಬ ಹಳ್ಳಿಗೆ ಕೊಂಡೊಯ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ಷಯರೋಗಿಗಳು ದುಡಿದು ಬಾಳಲೆಂದು ಕಟ್ಟಿದ ನೆಲೆಯೊಂದು ಅಲ್ಲಿತ್ತು. ಕಾಲಾನಂತರ ಅದು ಅಂಗವಿಕಲರ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿಯವರ ಕೈಗೆ ವಿಂಗ್‌ಮನ್ ಮೌಸನ್ನು ಕೊಟ್ಟು ಪರೀಕ್ಷಿಸಿದಾಗ, ಸೆಳೆಗುಳಿಗಳಿದ್ದರೆ ಹೊತ್ತೂ ಕಡಿಮೆ ತಗಲಿತು, ತಪ್ಪುಗಳೂ ಕಡಿಮೆಯಾದವು. ನೆಟ್ಟಗಿರುವ ಕೈಗಳ ಮೇಲೆ ಇದರ ಪರಿಣಾಮ ಅಷ್ಟು ದೊಡ್ಡದಲ್ಲ. ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಇಯನ್ ಓಕ್ಲಿ ಮತ್ತು ಸ್ಟೀಫನ್ ಬ್ರೂಸ್ಟರ್ ಮೊದಲಾದವರು 2000ದಲ್ಲಿ ಫ್ಯಾಂಟಮ್ಮಿನಿಂದ ಮಾಡಿದ ಪ್ರಯೋಗದಲ್ಲಿ ತಪ್ಪುಗಳು ತಗ್ಗಿದವು, ಹೊತ್ತು ಮಾತ್ರ ಉಳಿಯಲಿಲ್ಲ. ಈಜು ಬಲ್ಲವನಿಗೆ ದಡ ಹತ್ತಿರವಿದ್ದರೇನು, ದೂರವಿದ್ದರೇನು?

ಆದರೆ ಪರದೆಯ ಮೇಲೆ ಇರುವುದು ಒಂದೇ ಗುಂಡಿಯಲ್ಲ. ಅಳಗುಳಿಮಣೆಯ ಹೋಲಿಕೆಯೇ ಇಲ್ಲಿ ಎದುರು ನಿಲ್ಲುತ್ತದೆ: ಆ ಕೊನೆಯ ಕುಳಿಯನ್ನು ಮುಟ್ಟಬೇಕಾದ ಬಾಣವು ನಡುವಣ ಕುಳಿಗಳನ್ನೆಲ್ಲ ದಾಟಬೇಕು, ಒಂದೊಂದೂ ಅದನ್ನು ಒಳಕ್ಕೆ ಎಳೆಯುತ್ತದೆ. ಅಕ್ಷರಾಭ್ಯಾಸ ಮಾಡಿಸುವ ಹಿರಿಯರಿಗೆ ಬರೆಯಬೇಕಾದ ಅಕ್ಷರ ಯಾವುದೆಂದು ಗೊತ್ತು; ಯಂತ್ರಕ್ಕೆ ಮನುಷ್ಯನ ಮನಸ್ಸು ಗೊತ್ತಿಲ್ಲ. ಬೇಡದ ಕುಳಿ ಎಳೆದಾಗ ಆಸರೆಯೇ ಅಡ್ಡಿಯಾಗುವುದಿಲ್ಲವೆ? ಹ್ವಾಂಗ್ ಮತ್ತು ಅವರ ಜೊತೆಗಾರರು ಈ ಪ್ರಶ್ನೆಯನ್ನೇ ಹಿಡಿದು, ಬೇಕೆಂದೇ ದಾರಿಯಲ್ಲಿ ಬೇಡದ ಸೆಳೆಗುಳಿಯನ್ನಿಟ್ಟು ಪರೀಕ್ಷೆ ಮಾಡಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ಬಾಣವು ಕೆಲವು ವೇಳೆ ಬೇಡದ ಕುಳಿಗೆ ಬಿದ್ದು ಎದ್ದರೂ ಒಟ್ಟಿನಲ್ಲಿ ಲಾಭವೇ ಉಳಿಯಿತು. ಯಾರ ಕೈ ಅತ್ಯಂತ ದುರ್ಬಲವೋ ಅವರಿಗೇ ಅತ್ಯಂತ ಹೆಚ್ಚು ಲಾಭ. ಸಹಾಯವೆಂಬುದು ಸಾಮಾನ್ಯವಾಗಿ ಮೊದಲೇ ಬಲವಿದ್ದವನ ಕಡೆಗೆ ಹರಿಯುವುದನ್ನು ಕಂಡಿರುವ ನನಗೆ, ಈ ಒಂದು ಫಲಿತಾಂಶ ಬೇರೆಲ್ಲ ಅಂಕಿಗಳಿಗಿಂತ ಬೆಲೆಯುಳ್ಳದ್ದಾಗಿ ತೋರುತ್ತದೆ.

ಆದರೂ ಎಳೆತ ಎಷ್ಟಿರಬೇಕೆಂಬುದು ಸಣ್ಣ ವಿಷಯವಲ್ಲ. ಬಿಗಿದುಕೊಳ್ಳುವ ಸ್ನಾಯುಗಳನ್ನು ಥಟ್ಟನೆ ಎಳೆದರೆ ಅವು ಇನ್ನಷ್ಟು ಬಿಗಿಯುತ್ತವೆಂಬುದು ವೈದ್ಯರು ಬಲ್ಲ ಸಂಗತಿ. ಒಬ್ಬನಿಗೆ ಆಸರೆಯಾದ ಬಲ ಮತ್ತೊಬ್ಬನಿಗೆ ಹಿಂಸೆಯಾದೀತು. ಅದಕ್ಕಿಂತ ಮುಖ್ಯವಾದುದು, ಕೈಯ ಒಡೆಯ ಯಾರೆಂಬುದು. ಎಳೆತವು ಬಿಡಿಸಿಕೊಳ್ಳಲಾಗದಷ್ಟು ಬಲವಾದರೆ ಗುಂಡಿಯನ್ನು ಒತ್ತಿದುದು ಯಂತ್ರ, ಮನುಷ್ಯನಲ್ಲ. ನೆರೆಮನೆಯ ಹುಡುಗನ ಜಾಗಕ್ಕೆ ಮೋಟಾರು ಬಂದಂತಾಯಿತು, ಉಪಾಧ್ಯಾಯರ ಪರಾಧೀನತೆ ಇದ್ದಲ್ಲಿಯೇ ಇದ್ದಿತು. ತಾನು ಬೇಡವೆಂದರೆ ಬಿಟ್ಟುಬಿಡುವ ಸಡಿಲ ಆ ಸೆಳೆತದಲ್ಲಿರಬೇಕು. ಮಗುವಿನ ಬೆರಳು ತಾನಾಗಿ ಸೊಟ್ಟಗೆ ತಿರುಗಿದಾಗ ಜಾಣರಾದ ಹಿರಿಯರು ಹಿಡಿತವನ್ನು ಸಡಿಲಿಸಿ, ಸೊಟ್ಟ ಗೆರೆಯನ್ನೂ ಮಗುವಿನದೇ ಎಂದು ಬಿಟ್ಟುಕೊಡುತ್ತಾರಲ್ಲವೆ? ಆ ಹದವನ್ನು ಯಂತ್ರಕ್ಕೆ ಕಲಿಸುವುದು ಮೋಟಾರಿನ ಶಾಸ್ತ್ರಕ್ಕಿಂತ ಕಠಿಣವಾದ ಶಾಸ್ತ್ರ.

ಇಷ್ಟೆಲ್ಲ ಆದಮೇಲೆ ವಿಂಗ್‌ಮನ್ ಏನಾಯಿತು? ಹುಡುಗರಿಗೆ ಅದು ಅಷ್ಟಾಗಿ ರುಚಿಸಲಿಲ್ಲ, ಮಾರುಕಟ್ಟೆಯಿಂದ ಮರೆಯಾಯಿತು. ಅದರಿಂದ ಅತ್ಯಂತ ಉಪಕಾರ ಹೊಂದಬಲ್ಲವರನ್ನು ಗಿರಾಕಿಗಳೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ, ಅದು ಹೋದಾಗ ಅವರಿಗೆ ಏನಾಯಿತೆಂದು ಕೇಳಿದವರೂ ಇಲ್ಲ. ಕೈಗೆ ಬಲವನ್ನು ಮುಟ್ಟಿಸುವ ವಿದ್ಯೆ ಇಂದಿಗೂ ಬದುಕಿದೆ. ಕಾರಿನ ಆಟದ ಚಕ್ರಗಳಲ್ಲಿದೆ, ಶಸ್ತ್ರಚಿಕಿತ್ಸೆ ಕಲಿಯುವವರ ಸಾಧನಗಳಲ್ಲಿದೆ. ಜೇಬಿನಲ್ಲಿರುವ ಫೋನುಗಳೂ ಬೆರಳ ತುದಿಯಲ್ಲಿ ಗುಂಯ್‌ಗುಡುತ್ತವೆ. ಅದನ್ನೂ ಹ್ಯಾಪ್ಟಿಕ್ ಎಂದೇ ಕರೆಯುತ್ತಾರೆ. ಆದರೆ ಆ ಕಂಪನವು 'ನೀನು ಮುಟ್ಟಿದೆ' ಎಂದು ಹೇಳುತ್ತದೆಯೇ ಹೊರತು ಕೈಯನ್ನು ಹಿಡಿದುಕೊಳ್ಳುವುದಿಲ್ಲ. ಮುಳುಗುವವನಿಗೆ ದಡದಿಂದ ಗಂಟೆ ಬಾರಿಸಿದಂತೆ.

ಕೈಯನ್ನು ಬಿಟ್ಟು ಬಾಣವನ್ನು ತಿದ್ದುವ ಉಪಾಯಗಳೂ ಹಲವು ಬಂದಿವೆ, ಅವುಗಳನ್ನು ಹಳಿಯಲಾಗದು. ಐ.ಬಿ.ಎಂ. ಸಂಸ್ಥೆಯ ಜೇಮ್ಸ್ ಲಿವೈನ್ ರೂಪಿಸಿದ ಪುಟ್ಟ ಪೆಟ್ಟಿಗೆಯೊಂದು 2005ರಲ್ಲಿ ಹೊರಬಂದಿತು. ಮೌಸಿಗೂ ಗಣಕಕ್ಕೂ ನಡುವೆ ಕುಳಿತು ಅದು ನಡುಕವನ್ನು ಸೋಸಿ ಉಳಿದ ಚಲನೆಯನ್ನು ಮಾತ್ರ ಒಳಗೆ ಬಿಡುತ್ತಿತ್ತು. ಅದೇ ವರ್ಷ ಟೊರಾಂಟೊ ವಿಶ್ವವಿದ್ಯಾನಿಲಯದ ಇಬ್ಬರು ಬಾಣದ ಬದಲು, ಹತ್ತಿರದ ಗುರಿಯನ್ನು ತಾನೇ ಆವರಿಸಿಕೊಳ್ಳುವಂತೆ ಹಿಗ್ಗುವ ಗುಳ್ಳೆಯೊಂದನ್ನು ಮಾಡಿದರು. ಗುಂಡಿಯನ್ನು ಒತ್ತಿಹಿಡಿದಿರುವಷ್ಟು ಹೊತ್ತು ಬಾಣವನ್ನು ಇದ್ದಲ್ಲಿಯೇ ಕಟ್ಟಿಹಾಕುವ ಉಪಾಯವನ್ನು 2006ರಲ್ಲಿ ಶಾರಿ ಟ್ರೂಯಿನ್ ಮತ್ತು ಜೊತೆಗಾರರು ಪ್ರಕಟಿಸಿದರು. ಕೊನೆಯ ಅರ್ಧ ಅಂಗುಲದ ದುಃಖವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಹೊಳೆಯುವ ಯೋಚನೆಯದು.

ನಮ್ಮ ಕನ್ನಡಕ್ಕೆ ಇಲ್ಲೊಂದು ಸ್ವಂತದ ಪ್ರಶ್ನೆಯುಂಟು. ಇಂಗ್ಲಿಷಿಗೆ 26 ಅಕ್ಷರಗಳು, ನಮಗೆ 49. ಅದರ ಮೇಲೆ ಗುಣಿತಾಕ್ಷರದ ಚಿಹ್ನೆಗಳು, ಒತ್ತಕ್ಷರಗಳು. ಅಂಗೈಯಗಲದ ಫೋನಿನ ಪರದೆಯಲ್ಲಿ ಇವನ್ನೆಲ್ಲ ಹರಡಿದರೆ ಒಂದೊಂದು ಅಕ್ಷರದ ಪಾಲಿಗೆ ಬರುವ ಜಾಗ ಇಂಗ್ಲಿಷಿಗಿಂತ ಕಿರಿದಾಗುತ್ತದೆ. ಫಿಟ್ಸರ ನಿಯಮವನ್ನು ನೆನೆದರೆ, ನಡುಗುವ ಕೈಯ ಕನ್ನಡಿಗ ತನ್ನ ನುಡಿಯಲ್ಲಿ ಬರೆಯುವುದಕ್ಕೆ ಹೆಚ್ಚಿನ ಸುಂಕ ತೆರುತ್ತಾನೆ. ಮೇಜಿನ ಕೀಲಿಮಣೆಯಲ್ಲಿಯೂ 'ಕ'ಕಾರಕ್ಕೆ ಒಂದು ಬೆರಳು ಸಾಕು, 'ಖ'ಕಾರಕ್ಕೆ ಶಿಫ್ಟ್ ಕೀಲಿಯನ್ನೂ ಜೊತೆಗೆ ಅದುಮಬೇಕು. ಒಂದೇ ಬೆರಳು ನೆಟ್ಟಗಿರುವವನಿಗೆ ಮಹಾಪ್ರಾಣವೆಂಬುದು ನಿಜವಾಗಿಯೂ ಪ್ರಾಣಕ್ಕೆ ಬರುತ್ತದೆ. ಒತ್ತಿದ ಶಿಫ್ಟನ್ನು ಮುಂದಿನ ಕೀಲಿಯವರೆಗೆ ತಾನೇ ಹಿಡಿದಿಡುವ 'ಸ್ಟಿಕಿ ಕೀಸ್' ಎಂಬ ಸೌಕರ್ಯ 1995ರ ವಿಂಡೋಸಿನಿಂದಲೂ ಗಣಕದಲ್ಲಿ ಅಡಗಿದೆ. ಅದು ಅಲ್ಲಿದೆಯೆಂದು ಬೇಕಾದವರಿಗೆ ತಿಳಿಸಿದವರು ಕಡಿಮೆ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಸೆರೆಬ್ರಲ್ ಪಾಲ್ಸಿಯನ್ನೂ ಸ್ನಾಯುಕ್ಷಯವನ್ನೂ ಪಾರ್ಕಿನ್‌ಸನ್ ವ್ಯಾಧಿಯನ್ನೂ ಹೆಸರಿಸಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕಚೇರಿಗಳ ಪರದೆಗಳ ಮೇಲಿನ ಗುಂಡಿಗಳು ಅದರಿಂದ ದೊಡ್ಡದಾಗಿವೆಯೆ ಎಂಬುದನ್ನು ಓದುಗರೇ ಒಮ್ಮೆ ಕನ್ನಡಕ ತೆಗೆದಿಟ್ಟು ನೋಡಬಹುದು.

ಮೋಟಾರಿಲ್ಲದೆ ದಡ ಕಟ್ಟಿದವರೂ ಉಂಟು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಜೇಕಬ್ ವಾಬ್‌ರಾಕ್ ಮತ್ತು ಜೊತೆಗಾರರು 2003ರಲ್ಲಿ, ಚೌಕನೆಯ ತೂತುಳ್ಳ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಅಂಗೈ ಗಣಕದ ಪರದೆಯ ಮೇಲಿಟ್ಟು, ತೂತಿನ ಅಂಚಿಗೆ ಕಡ್ಡಿಯನ್ನು ಒತ್ತಿಕೊಂಡೇ ಮೂಲೆಯಿಂದ ಮೂಲೆಗೆ ಹೋಗುತ್ತ ಬರೆಯುವ ಅಕ್ಷರಮಾಲೆಯನ್ನು ಮಾಡಿದರು. ಕೀಲಿಮಣೆಗೆ ಹೊದಿಸುವ ತೂತುಹಲಗೆ ಅದಕ್ಕಿಂತ ಹಳೆಯದು. ಒಂದೊಂದು ಕೀಲಿಯ ನೇರಕ್ಕೆ ಒಂದೊಂದು ತೂತು. ಇಡೀ ಅಂಗೈಯ ಭಾರವನ್ನು ಅದರ ಮೇಲೆ ಹಾಕಿ ಕೈಯನ್ನು ಎಳೆದುಕೊಂಡು ಹೋಗಬಹುದು, ಯಾವ ಕೀಲಿಯೂ ಅದುಮುವುದಿಲ್ಲ. ಬೇಕಾದ ತೂತಿಗೆ ಬಂದಾಗ ಬೆರಳು ಒಳಕ್ಕೆ ಇಳಿಯುತ್ತದೆ. ಅದಕ್ಕೆ ವಿದ್ಯುತ್ತು ಬೇಡ. ಅಕ್ಕಪಕ್ಕದ ತೂತುಗಳು ಎಳೆಯುವುದೂ ಇಲ್ಲ, ಬೆರಳು ಬೇಡವೆಂದಾಗ ತಡೆಯುವುದೂ ಇಲ್ಲ. ಕೀಲಿಮಣೆಯ ಅಳತೆ ಕೊಟ್ಟರೆ, ಅಕ್ರಿಲಿಕ್ ಹಾಳೆ ಕೊರೆದು ನಾಮಫಲಕ ಮಾಡುವ ಅಂಗಡಿಯವನು ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟಾನು.